ಏಳು ಬ್ಯಾನರ್, ಒಂದೇ ಹಲಸಿನ ಗಿಡ

ಗಿಡ ನೆಡುವ ಫೋಟೋ ಬಂದರೆ ನಾನು ಈಗಲೂ ಕೂಡಲೇ ಅಳಿಸಿಬಿಡುತ್ತೇನೆ. ನಿಮ್ಮ ಮೊಬೈಲಿಗೂ ಬಂದಿರುತ್ತದೆ ಅಂಥದ್ದು. ಹಿಂದೆ ಒಂದು ಬ್ಯಾನರ್, ಮುಂದೆ ಹತ್ತು ಜನ, ನಡುವೆ ಒಂದು ಪಾಪದ ಸಸಿ. ಹತ್ತು ಜನರ ಕೈಯೂ ಸಸಿಯ ಮೇಲೆ, ಹತ್ತು ಜನರ ಕಣ್ಣೂ ಕ್ಯಾಮೆರಾದ ಮೇಲೆ. ಅಂಥ ಫೋಟೋದಲ್ಲಿ ನಾನೂ ಇದ್ದೇನೆ. ಒಂದರಲ್ಲಿ ಅಲ್ಲ, ಮೂರರಲ್ಲಿ. ಮೂರರಲ್ಲೂ ಗಿಡ ಒಂದೇ.

ನಾನು ಮಡಂತ್ಯಾರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಯಾವ ಶಾಲೆ ಎಂದು ಕೇಳಬೇಡಿ, ಹೇಳುವುದಿಲ್ಲ. ಪಾಠದ ಜೊತೆಗೆ ಗೈಡ್ಸ್ ಹುಡುಗಿಯರನ್ನು ನೋಡಿಕೊಳ್ಳುವ ಕೆಲಸವೂ ನನ್ನದೇ. ಹಿಂದಿನ ಗೈಡ್ಸ್ ಟೀಚರ್ ನಿವೃತ್ತರಾದ ದಿನ, ಇನ್ನು ಯಾರು ಎಂದು ಹೆಡ್ಮಾಷ್ಟ್ರು ಕೇಳಿದಾಗ ಸ್ಟಾಫ್ ರೂಮಿನ ಎಲ್ಲರೂ ತಲೆ ತಗ್ಗಿಸಿ ಪುಸ್ತಕ ತಿದ್ದುತ್ತಿದ್ದರು. ನಾನು ಕನ್ನಡಕ ಒರೆಸಲು ತಲೆ ಎತ್ತಿದ್ದೆ. ಅಷ್ಟಕ್ಕೇ ನಾನು ಗೈಡ್ ಕ್ಯಾಪ್ಟನ್ ಆದೆ.

ಹೋದ ವರ್ಷ ಜೂನ್‌ನಲ್ಲಿ ಬಂಟ್ವಾಳದಲ್ಲಿ ಮೀಟಿಂಗ್ ಇತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಕಡೆಯ ಶಾಲೆಗಳ ಸ್ಕೌಟ್ಸ್, ಗೈಡ್ಸ್ ಟೀಚರ್‌ಗಳು ಒಟ್ಟಿಗೆ ಕುಳಿತು ಇಡೀ ವರ್ಷದ ಕಾರ್ಯಕ್ರಮ ಹಾಕಿಕೊಳ್ಳಬೇಕಿತ್ತು. ನಾನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಮಕ್ಕಳಿಗೆ ಈಜು ಕಲಿಸಬೇಕು, ನಕ್ಷೆ ನೋಡಿ ಒಂದು ದಿನ ನಡೆಯಬೇಕು, ಮೂರು ಕಲ್ಲಿಟ್ಟು ಗಂಜಿ ಬೇಯಿಸಬೇಕು, ಹೀಗೆ. ಒಂದೂವರೆ ಗಂಟೆ ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ. ಮತ್ತೆ ಗೋಳಿಬಜೆ, ಚಾ. ಕೊನೆಗೆ ಹತ್ತು ನಿಮಿಷದಲ್ಲಿ ಒಂದು ಫಾರ್ಮ್ ಹಂಚಿದರು. ಹಿಂದಿನ ವರ್ಷದ್ದೇ ಫಾರ್ಮ್, ಇಸವಿಯ ಮೇಲೆ ಬಿಳಿ ಶಾಯಿ ಹಚ್ಚಿ ಹೊಸ ಇಸವಿ ಬರೆದಿದ್ದರು. ಅದರಲ್ಲಿ ಮೂರು ಕಾಲಂ. ತಿಂಗಳು, ಕಾರ್ಯಕ್ರಮ, ಫೋಟೋ. ಮಕ್ಕಳು ಏನು ಕಲಿತರು ಎನ್ನಲು ಒಂದು ಬೆರಳಗಲ ಜಾಗವೂ ಇರಲಿಲ್ಲ.

ನನ್ನ ಚೀಟಿ ಬ್ಯಾಗಿನಲ್ಲೇ ಉಳಿಯಿತು. ನಾನೂ ಗೋಳಿಬಜೆ ತಿಂದೆ. ಸುಳ್ಳು ಯಾಕೆ ಹೇಳಲಿ, ಎರಡನೇ ಸಲವೂ ಹಾಕಿಸಿಕೊಂಡೆ.

ಬರುವಾಗ ಹೆಡ್ಮಾಷ್ಟ್ರ ಕಾರು. ಅವರು ಫಾರ್ಮ್ ಅನ್ನು ಸ್ಟಿಯರಿಂಗಿನ ಮೇಲೆ ಇಟ್ಟುಕೊಂಡು ಹೇಳಿದರು, “ಇದೆಂಥ ದೊಡ್ಡ ವಿಷಯ ಟೀಚರೇ? ಏಳು ಕಾರ್ಯಕ್ರಮ ಅಲ್ಲವಾ? ಒಂದು ಶನಿವಾರದಲ್ಲಿ ಮುಗಿಸುವ.”

“ಒಂದು ಶನಿವಾರ ಒಂದು ಕಾರ್ಯಕ್ರಮವಾ ಸರ್?”

“ಏಳೂ. ಬ್ಯಾನರ್ ಎಲ್ಲ ಒಟ್ಟಿಗೆ ಮಾಡಿಸ್ತೇನೆ. ಫೋಟೋ ಒಮ್ಮೆ ಕೈಯಲ್ಲಿ ಉಂಟು ಅಂತಾದ್ರೆ ವರ್ಷ ಇಡೀ ನಿಮಗೆ ಆರಾಮ. ಪಾಠ ಮಾಡ್ಲಿಕ್ಕೆ ಸಮಯ ಬೇಡವಾ ಮಾರಾಯ್ರೇ?”

ನಾನು ನಕ್ಕೆ. ತಮಾಷೆ ಎಂದುಕೊಂಡೆ.

ಮುಂದಿನ ಶನಿವಾರ ಏಳು ಬ್ಯಾನರ್ ಬಂದವು. ಒಂದೊಂದರಲ್ಲೂ ತಿಂಗಳು ಅಚ್ಚಾಗಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಜೂನ್, ಪರಿಸರ ದಿನ. ಎಂಟು ಹುಡುಗಿಯರು ಒಂದು ಹಲಸಿನ ಸಸಿ ನೆಟ್ಟರು. ಹತ್ತು ಗಂಟೆಗೆ ಸಸಿಯನ್ನು ಕಿತ್ತು, ಬ್ಯಾನರ್ ಬದಲಿಸಿ, ವನಮಹೋತ್ಸವ. ಮತ್ತೆ ಕಿತ್ತು, ಶಾಲಾ ವಾರ್ಷಿಕೋತ್ಸವದ ನೆನಪಿನ ಗಿಡ. ಮೂರನೇ ಸಲ ಕೀಳುವಾಗ ಬೇರಿನ ಮಣ್ಣೆಲ್ಲ ಉದುರಿತು. ಆಮೇಲೆ ಸ್ವಚ್ಛತೆಯ ಫೋಟೋ. ಅಂದರೆ ಅದೇ ಉದುರಿದ ಮಣ್ಣನ್ನು ಗುಡಿಸಿದ್ದು. ಹೊರಾಂಗಣ ಅಡುಗೆಗೆ ಬಿಸಿಯೂಟದ ಕೋಣೆಯಿಂದ ಪಾತ್ರೆ ತಂದು ಮೂರು ಕಲ್ಲಿನ ಮೇಲೆ ಇಟ್ಟರು. ಖಾಲಿ ಪಾತ್ರೆ. ಬೆಂಕಿಯೂ ಇಲ್ಲ. ಒಬ್ಬಳು ಸೌಟು ಹಾಕಿ ತಿರುಗಿಸಿದಳು, ಇನ್ನೊಬ್ಬಳು ರುಚಿ ನೋಡಿದಳು. ಹೈಕ್‌ಗೆ ಶಾಲೆಯ ಹಿಂದುಗಡೆ ಸಾಲಾಗಿ ನಿಲ್ಲಿಸಿ, ದೂರದ ಬೆಟ್ಟ ತೋರಿಸುವ ಹಾಗೆ ಕೈ ಎತ್ತಿ ಎಂದರು. ಎಂಟೂ ಕೈಗಳು ತೋರಿಸುತ್ತಿದ್ದದ್ದು ಟಾಯ್ಲೆಟ್ಟಿನ ನೀರಿನ ಟ್ಯಾಂಕ್.

ಏಳನೆಯದು ಮಾರ್ಚ್ ತಿಂಗಳದ್ದು, ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರು. ಆ ಹೊತ್ತಿಗೆ ಜೋರು ಮಳೆ ಬಂತು. ಹುಡುಗಿಯರು ಕೊಡೆ ಬಿಡಿಸಿದರು. ಹೆಡ್ಮಾಷ್ಟ್ರು ಜಗಲಿಯಲ್ಲಿ ನಿಂತು ಕೂಗಿದರು, “ಅಡ್ಡಿಯಿಲ್ಲ ಮಕ್ಕಳೇ, ಕೊಡೆ ಇರಲಿ! ಬಿಸಿಲಿಗೆ ಹಿಡಿದ ಹಾಗೆ ಹಿಡೀರಿ!”

ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಬ್ಯಾನರಿನ ಒಂದು ತುದಿ ಹಿಡಿದುಕೊಂಡಿದ್ದವಳು ನಾನೇ.

ಆ ಎಂಟು ಹುಡುಗಿಯರಿಗೆ ಲೀಡರ್ ಆಗಿದ್ದವಳು ಒಂಬತ್ತನೇ ಕ್ಲಾಸಿನವಳು. ಹಿಂದಿನ ದಿನ ಸೈಕಲಿನಿಂದ ಬಿದ್ದು ಗಲ್ಲಕ್ಕೆ ಬಿಳಿ ಪಟ್ಟಿ ಹಾಕಿಕೊಂಡಿದ್ದಳು. ಏಳೂ ಫೋಟೋದಲ್ಲಿ ಆ ಪಟ್ಟಿ. “ಟೀಚರ್, ನನ್ನ ಗಾಯ ಮಾರ್ಚ್ ವರೆಗೂ ಗುಣ ಆಗುವುದಿಲ್ಲವಾ?” ಎಂದು ಕೇಳಿದ್ದಳು. ಚುರುಕು ಹುಡುಗಿ. ಆ ವರ್ಷದ ಕೊನೆಗೆ ಅವಳು ರಾಜ್ಯ ಮಟ್ಟದ ಪ್ರಶಸ್ತಿಯ ಪರೀಕ್ಷೆಗೆ ಮೂಡುಬಿದಿರೆಗೆ ಹೋಗಬೇಕಿತ್ತು. ಅವಳ ಅಮ್ಮ ಬೀಡಿ ಕಟ್ಟುವವರು. ಪೇರೆಂಟ್ಸ್ ಮೀಟಿಂಗಿಗೆ ಬಂದವರು ನನ್ನ ಕೈ ಹಿಡಿದು, “ನಮ್ಮ ಮನೆಯಲ್ಲಿ ಒಂದು ಸರ್ಟಿಫಿಕೇಟ್ ಅಂತ ಯಾರಿಗೂ ಸಿಕ್ಕಿದ್ದಿಲ್ಲ ಟೀಚರೇ. ಇದಕ್ಕೆ ಅಂತ ಗೋಡೆಗೆ ಮೊಳೆ ಹೊಡೆದಾಗಿದೆ” ಎಂದಿದ್ದರು.

ಆ ಸಸಿ ನೀರಿನ ನಲ್ಲಿಯ ಹತ್ತಿರ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಿದ್ದುಕೊಂಡಿತ್ತು. ನಾಲ್ಕನೇ ಸಲ ಯಾರೂ ನೆಡಲಿಲ್ಲ. ಮಳೆಗಾಲದಲ್ಲೇ ಒಣಗಿ ಸತ್ತಿತು. ನಮ್ಮ ಊರಿನ ಮಳೆಯಲ್ಲಿ ಒಂದು ಹಲಸಿನ ಗಿಡವನ್ನು ಒಣಗಿಸಿ ಕೊಲ್ಲಬೇಕಾದರೆ ಎಷ್ಟು ಸಾಮರ್ಥ್ಯ ಬೇಕು ನೋಡಿ.

ಜನವರಿಯಲ್ಲಿ ಹುಡುಗಿ ಲಾಗ್ ಬುಕ್ ತಂದು ನನ್ನ ಮೇಜಿನ ಮೇಲಿಟ್ಟಳು. ಮಾಡಿದ ಚಟುವಟಿಕೆಗಳನ್ನು ಮಕ್ಕಳು ತಾವೇ ಬರೆಯುವ ಪುಸ್ತಕ ಅದು, ಪರೀಕ್ಷೆಯಲ್ಲಿ ಮೊದಲು ನೋಡುವುದೇ ಅದನ್ನು. ಮುತ್ತು ಪೋಣಿಸಿದ ಹಾಗಿನ ಅಕ್ಷರ, ಬಣ್ಣದ ಅಂಚು. ನಾನು ಹೈಕ್‌ನ ಪುಟ ಓದಿದೆ. ಮಡಂತ್ಯಾರಿನಿಂದ ಒಳದಾರಿಯಲ್ಲಿ ಗುರುವಾಯನಕೆರೆಯವರೆಗೆ ನಡೆದರಂತೆ. ದಾರಿಯಲ್ಲಿ ಸ್ಫಟಿಕದಂತೆ ಹರಿಯುವ ತೋಡು ಸಿಕ್ಕಿತಂತೆ. ಆ ಹಳ್ಳದ ನೀರಿನಲ್ಲಿ ಕಾಲು ಇಳಿಬಿಟ್ಟು ಬುತ್ತಿ ಉಂಡರಂತೆ. ಗರಿಬಿಚ್ಚಿದ ನವಿಲೊಂದು ಸ್ವಾಗತ ಕೋರಿತಂತೆ. ದಾರಿ ತಪ್ಪಿದಾಗ ದಿಕ್ಸೂಚಿಯ ಸಹಾಯದಿಂದ ಸರಿದಾರಿ ಹಿಡಿದರಂತೆ.

“ಎಷ್ಟು ಚಂದ ಬರೆದಿದ್ದೀ” ಎಂದು ನಾನು ಹೇಳಿದೆ. ನಿಜವಾಗಿ ಹೇಳಿದೆ. ಕನ್ನಡ ಟೀಚರಲ್ಲವೇ, ವಾಕ್ಯ ಸರಿ ಇದ್ದರೆ ನನಗೆ ಬೇರೆ ಯಾವುದೂ ಕಾಣುವುದಿಲ್ಲ.

ಅವಳು ಖುಷಿಯಲ್ಲಿ ಕೇಳಿದಳು, “ಟೀಚರ್, ನನಗೆ ಈಗ ಸಮಯ ಉಂಟು. ಮುಂದಿನ ವರ್ಷದ್ದೂ ಈಗಲೇ ಬರೆದಿಡಲಾ?”

ಕುಹಕ ಇಲ್ಲ, ತಮಾಷೆ ಇಲ್ಲ. ಪಾಪ, ಕೆಲಸ ಮುಗಿಸಿಡುವ ಹುಡುಗಿ. ಆಗ ನನಗೆ ಆದದ್ದು ನಾಚಿಕೆ ಎಂದು ಬರೆದರೆ ಸುಳ್ಳಾಗುತ್ತದೆ. ಹೇಸಿಗೆ. ಒಗೆಯದ ಒದ್ದೆ ಬಟ್ಟೆಯನ್ನು ಮೂರು ದಿನ ಬಿಟ್ಟು ಬಕೆಟಿನಿಂದ ಎತ್ತಿದಾಗ ಬರುತ್ತದಲ್ಲ, ಆ ವಾಸನೆ ನನ್ನಿಂದಲೇ ಬಂದ ಹಾಗಾಯಿತು.

“ಈ ದಾರಿ ನೀನು ನೋಡಿದ್ದೀಯಾ?” ಎಂದೆ.

“ಇಲ್ಲ ಟೀಚರ್. ಬಸ್ಸಿನಲ್ಲಿ ಹೋಗುವಾಗ ಆ ಮಾರ್ಗದ ಬಾಯಿ ಕಾಣ್ತದೆ.”

“ಹಾಗಾದ್ರೆ ಹೋಗುವ. ಈ ಪುಸ್ತಕವನ್ನೇ ಹಿಡ್ಕೊಂಡು ಹೋಗುವ. ನೀನು ಬರೆದ ಹಾಗೆಯೇ ನಡೆಯುವ.”

ಹೆಡ್ಮಾಷ್ಟ್ರ ಬಳಿ ಅನುಮತಿ ಕೇಳಿದೆ. ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. “ಹೈಕ್ ಆಗಿದೆಯಲ್ಲ ಟೀಚರೇ? ಫೋಟೋ ಉಂಟಲ್ಲ? ಆದದ್ದನ್ನು ಇನ್ನೊಮ್ಮೆ ಯಾಕೆ ಮಾಡುವುದು?”

“ಆಗಿಲ್ಲ ಸರ್.”

“ದಾಖಲೆಯಲ್ಲಿ ಆಗಿದೆ. ನಾಳೆ ಒಂದು ಹುಡುಗಿಯ ಕಾಲಿಗೆ ಮುಳ್ಳು ಹೆಟ್ಟಿದ್ರೆ ಉತ್ತರ ಕೊಡುವವರು ಯಾರು? ಟ್ಯಾಂಕಿನ ಹತ್ತಿರ ಮುಳ್ಳು ಇರಲಿಲ್ಲ ನೋಡಿ.”

ಅನುಮತಿ ಸಿಗಲಿಲ್ಲ. ನಾನು ಮನೆಮನೆಗೆ ಹೋಗಿ ಕೇಳಿದೆ. ಎಂಟರಲ್ಲಿ ಐದು ಮನೆಯವರು ಒಪ್ಪಿದರು. ಲೀಡರ್ ಹುಡುಗಿಯ ಅಮ್ಮ, “ಭಾನುವಾರ ನನಗೆ ಬ್ರಾಂಚಿಗೆ ಬೀಡಿ ಕೊಡ್ಲಿಕ್ಕಿಲ್ಲ, ನಾನೂ ಬರ್ತೇನೆ. ನವಿಲು ನೋಡದೆ ಎಷ್ಟು ಕಾಲ ಆಯ್ತು” ಎಂದರು. ಅವರೂ ಆ ಪುಟ ಓದಿದ್ದರು.

ಹೀಗೆ ಒಂದು ಭಾನುವಾರ ಬೆಳಿಗ್ಗೆ ನಾವು ಏಳು ಜನ ಮಡಂತ್ಯಾರಿನಿಂದ ಹೊರಟೆವು. ಕುಳಿತುಕೊಳ್ಳಲಿಕ್ಕೆ ಎಂದು ಶಾಲೆಯ ಕಪಾಟಿನಿಂದ ಒಂದು ಬ್ಯಾನರ್ ಮಡಚಿ ಬ್ಯಾಗಿಗೆ ಹಾಕಿಕೊಂಡಿದ್ದೆ. ಕೈಗೆ ಮೊದಲು ಸಿಕ್ಕಿದ್ದು ಸ್ವಚ್ಛತೆಯದ್ದು.

ಅರ್ಧ ಗಂಟೆ ನಡೆದ ಮೇಲೆ ವಾಸನೆ ಬಂತು. ಸ್ಫಟಿಕದಂತಹ ತೋಡು ಬರುವುದಕ್ಕಿಂತ ಮೊದಲು ಅದರ ವಾಸನೆ ಬಂತು. ಸಂಕದ ಕೆಳಗೆ, ಅಂದರೆ ತೋಡು ದಾಟುವ ಆ ಸಣ್ಣ ಸೇತುವೆಯ ಕೆಳಗೆ, ಗೋಣಿಗಳು. ಗೋಣಿಯ ಬಾಯಿ ಬಿಚ್ಚಿ ಕೋಳಿಯ ಕರುಳು, ಕಾಲು, ಪುಕ್ಕ. ಪುಕ್ಕ ನೀರಿನ ಮೇಲೆ ಹಾಸಿಗೆಯ ಹಾಗೆ ತೇಲುತ್ತಿತ್ತು. ಅದರ ಮೇಲೆ ಮಕ್ಕಳ ಪ್ಯಾಂಪರ್, ಉಬ್ಬಿ ತಲೆದಿಂಬಿನಷ್ಟಾಗಿ, ನಾಲ್ಕೋ ಐದೋ. ಹುಳ ಮಿಜಿಮಿಜಿ ಎನ್ನುತ್ತಿತ್ತು. ಹಗಲಲ್ಲಿ ಬಂದು ಎಸೆಯುವ ಧೈರ್ಯ ಯಾರಿಗೂ ಇರಲಿಕ್ಕಿಲ್ಲ. ಸ್ಕೂಟರು ನಿಲ್ಲಿಸದೆಯೇ ಕಾಲಿನಿಂದ ತಳ್ಳಿ ಹೋಗುವುದು, ಮನೆಗೆ ಹೋಗಿ ಕೈ ತೊಳೆದು ಉಣ್ಣುವುದು. ಅವರೂ ಯಾವುದೋ ಗಿಡ ನೆಡುವ ಫೋಟೋದಲ್ಲಿ ಇರುತ್ತಾರೆ, ನನಗೆ ಗ್ಯಾರಂಟಿ.

“ಇಸ್ಸಿ!” ಎಂದು ಅಮ್ಮ ಸೆರಗು ಮೂಗಿಗೆ ಹಿಡಿದರು. “ಇದರಲ್ಲಿಯಾ ಮಗಾ ನೀವು ಕಾಲು ಇಳಿಬಿಟ್ಟು ಬುತ್ತಿ ಉಂಡದ್ದು?”

ಹುಡುಗಿ ಸಂಕದ ಕೈಹಿಡಿ ಹಿಡಿದು ವಾಂತಿ ಮಾಡಿದಳು.

ಉಳಿದ ನಾಲ್ಕು ಹುಡುಗಿಯರು ನಗಲೂ ಆಗದೆ, ಉಸಿರು ಬಿಡಲೂ ಆಗದೆ ಓಡಿ ದಾಟಿದರು. ಮುಂದೆ ಒಂದು ಕವಲು. ಪುಸ್ತಕದಲ್ಲಿ ಕವಲು ಇರಲಿಲ್ಲ. ಎಡಗಡೆಯದ್ದು ಅಗಲವಾಗಿತ್ತು, ಅದನ್ನು ಹಿಡಿದೆವು. ಅದು ಹೋಗಿ ಹೋಗಿ ಒಂದು ಕಲ್ಲಿನ ಕೋರೆಯಲ್ಲಿ ಮುಗಿಯಿತು. ಹುಡುಗಿ ದಿಕ್ಸೂಚಿ ತೆಗೆದಳು. ಶಾಲೆಯ ಕಪಾಟಿನಲ್ಲಿ ಡಬ್ಬ ತೆರೆಯದೆ ಇದ್ದದ್ದು, ಅವತ್ತೇ ತೆರೆದದ್ದು. ಮುಳ್ಳು ತಿರುಗಿತು. ಅವಳು ಮುಳ್ಳಿನ ಜೊತೆಗೆ ತಾನೂ ತಿರುಗಿದಳು. ನನ್ನ ಕಡೆ ನೋಡಿದಳು. ನಾನು ಗೈಡ್ ಕ್ಯಾಪ್ಟನ್. ನನಗೂ ಗೊತ್ತಿರಲಿಲ್ಲ.

“ಆ ಗಡಿಯಾರ ಇಡಿ ಅತ್ಲಾಗಿ” ಎಂದರು ಅವಳ ಅಮ್ಮ, ದಿಕ್ಸೂಚಿಯನ್ನು ನೋಡಿ. “ಬಸ್ಸಿನ ಹಾರ್ನ್ ಕೇಳುವುದಿಲ್ಲವಾ ನಿಮಗೆ? ಆ ಕಡೆ ಮಾರ್ಗ ಉಂಟು. ನಡೀರಿ.”

ಕೋರೆಯ ಬಳಿ ಬ್ಯಾನರನ್ನು ಹಾಸಿ ಚಿತ್ರಾನ್ನ ಉಂಡೆವು. ಹುಡುಗಿಯರು ಅಚ್ಚಾದ ತಮ್ಮದೇ ಶಾಲೆಯ ಹೆಸರಿನ ಮೇಲೆ ಕುಳಿತಿದ್ದರು. ಒಬ್ಬಳು ಪ್ಲಾಸ್ಟಿಕ್ ಚಮಚ ಎಸೆಯಲು ಕೈ ಎತ್ತಿದಳು, ಮತ್ತೆ ತಾನಾಗಿಯೇ ಕಿಸೆಗೆ ಹಾಕಿಕೊಂಡಳು. ಗುರುವಾಯನಕೆರೆ ತಲುಪುವಾಗ ಮಧ್ಯಾಹ್ನ ಎರಡು ದಾಟಿತ್ತು. ಒಂದು ಫೋಟೋ ಕೂಡ ತೆಗೆದಿರಲಿಲ್ಲ. ನೆನಪೇ ಆಗಲಿಲ್ಲ ಎಂದರೆ ನಂಬಿ. ಮುಂದಿನ ವಾರ ನಾನು ವಿಜ್ಞಾನದ ಮಾಷ್ಟ್ರ ಹತ್ತಿರ ಕುಳಿತು ದಿಕ್ಸೂಚಿ ನೋಡುವುದು ಕಲಿತೆ, ಅವಳಿಗೂ ಕಲಿಸಿದೆ. ನಲವತ್ತೇಳನೇ ವಯಸ್ಸಿನಲ್ಲಿ.

ಹುಡುಗಿ ಒಂದು ಹೊಸ ಹಾಳೆಯಲ್ಲಿ ಬರೆದಳು. ಬಣ್ಣದ ಅಂಚು ಇಲ್ಲ. “ತೋಡಿನಲ್ಲಿ ಕೋಳಿಯ ಕರುಳು ಇತ್ತು. ನಾನು ವಾಂತಿ ಮಾಡಿದೆ. ಕವಲಿನಲ್ಲಿ ಎಡಕ್ಕೆ ಹೋದದ್ದು ತಪ್ಪು. ದಿಕ್ಸೂಚಿ ನೋಡಲು ಬರಲಿಲ್ಲ. ಅಮ್ಮ ದಾರಿ ತೋರಿಸಿದರು.” ಹೆಡ್ಮಾಷ್ಟ್ರು ಅದನ್ನು ಎರಡು ಬೆರಳಿನಲ್ಲಿ ಹಿಡಿದು, “ವಾಂತಿ ಎಲ್ಲ ಬರೀಲಿಕ್ಕುಂಟಾ? ಇದಕ್ಕೆ ಮಾರ್ಕ್ ಯಾರು ಕೊಡ್ತಾರೆ? ಮೊದಲಿನದ್ದೇ ಇರಲಿ” ಎಂದರು. ಯಾವುದನ್ನು ಒಯ್ಯಬೇಕೆಂದು ನಾನು ಹುಡುಗಿಗೇ ಬಿಟ್ಟೆ. ಅವಳು ನವಿಲಿನ ಪುಟ ಕಿತ್ತು ವಾಂತಿಯ ಪುಟ ಅಂಟಿಸಿದಳು. ಜೊತೆಗೆ ಒಯ್ಯಬೇಕಾದ ಶಾಲೆಯ ಫೋಟೋ ಆಲ್ಬಮನ್ನು ಮಾತ್ರ ಹೆಡ್ಮಾಷ್ಟ್ರೇ ರೆಡಿ ಮಾಡಿ ಕವರಿಗೆ ಹಾಕಿ ಕೊಟ್ಟರು. ನಾನು ಬಿಚ್ಚಿ ನೋಡಲಿಲ್ಲ.

ಫೆಬ್ರವರಿಯಲ್ಲಿ ಮೂಡುಬಿದಿರೆಯಲ್ಲಿ ಪರೀಕ್ಷೆ. ಜಗಲಿಯಲ್ಲಿ ಬೇರೆ ಬೇರೆ ಶಾಲೆಯ ಮಕ್ಕಳು ಸಾಲಾಗಿ ಕುಳಿತಿದ್ದರು. ಹೊತ್ತು ಹೋಗಲಿಕ್ಕೆ ಪಕ್ಕದ ಹುಡುಗಿಯ ಲಾಗ್ ಬುಕ್ ತೆಗೆದು ನೋಡಿದೆ. ಸ್ಫಟಿಕದಂತೆ ಹರಿಯುವ ತೋಡು. ಅದರಾಚೆಯವಳದ್ದು ನೋಡಿದೆ. ಗರಿಬಿಚ್ಚಿದ ನವಿಲು ಸ್ವಾಗತ ಕೋರಿತ್ತು. ಮೂರನೆಯದ್ದರಲ್ಲೂ ನವಿಲು.

“ಇದು ಎಲ್ಲಿಂದ?” ಎಂದು ನಮ್ಮ ಹುಡುಗಿಯನ್ನು ಕೇಳಿದೆ.

“ವಾಟ್ಸಾಪಿನಲ್ಲಿ ಬರ್ತದೆ ಟೀಚರ್. ಊರಿನ ಹೆಸರು ಮಾತ್ರ ನಾವು ಹಾಕುವುದು.”

ಚಂದ ಬರೆದಿದ್ದೀ ಎಂದಿದ್ದೆನಲ್ಲ ನಾನು! ಮೂರು ತಾಲೂಕಿನ ತೋಡುಗಳೆಲ್ಲ ಕೊಳೆತು ನಾರುತ್ತಿವೆ, ಮೂರು ತಾಲೂಕಿನ ಪುಸ್ತಕಗಳಲ್ಲಿ ಸ್ಫಟಿಕ ಹರಿಯುತ್ತಿದೆ. ಥೂ.

ಪರೀಕ್ಷಕಿ ದಪ್ಪ ಕನ್ನಡಕದ ಹಿರಿಯ ಮೇಡಂ. ಜೊತೆಗೆ ಬಂದ ಟೀಚರ್‌ಗಳೂ ಕೋಣೆಯಲ್ಲಿ ಕುಳಿತುಕೊಳ್ಳಬಹುದಿತ್ತು. ಮೇಡಂ ನಮ್ಮ ಹುಡುಗಿಯ ಪುಟ ಓದಿ ತಲೆ ಎತ್ತಿದರು.

“ಇದರಲ್ಲಿ ನವಿಲು ಇಲ್ಲವಾ?”

“ಇಲ್ಲ ಮೇಡಂ. ಕೋಳಿ ಉಂಟು. ಪುಕ್ಕ ಮಾತ್ರ.”

ಮೇಡಂ ಜೋರಾಗಿ ನಕ್ಕರು. ದಿಕ್ಸೂಚಿ ಕೊಟ್ಟು ಉತ್ತರ ದಿಕ್ಕು ಹುಡುಕಲು ಹೇಳಿದರು. ಹುಡುಗಿ ಹುಡುಕಿದಳು. ಎಡಗಡೆಯ ದಾರಿ ಯಾಕೆ ತಪ್ಪು ಎಂದು ಕೇಳಿದರು. ಕೋರೆಯ ಲಾರಿ ಹೋಗಿ ಹೋಗಿ ಅಗಲವಾದ ದಾರಿ ಅದು, ಊರಿಗೆ ಹೋಗುವ ದಾರಿಯಲ್ಲ ಎಂದು ಹುಡುಗಿ ಹೇಳಿದಳು. ಮೇಡಂ ತಲೆ ಆಡಿಸಿ ಗುರುತು ಹಾಕಿದರು. ನನಗೆ ಗೋಡೆಯ ಮೇಲಿನ ಮೊಳೆ ಕಣ್ಣಿಗೆ ಕಟ್ಟಿತು.

ಮತ್ತೆ ಅವರು ಆಲ್ಬಮ್ ಬಿಚ್ಚಿದರು. ಒಂದೊಂದೇ ಪುಟ ಮಗುಚಿದರು. ಕೊನೆಯ ಪುಟದಲ್ಲಿ ಕೈ ನಿಂತಿತು.

“ಟೀಚರ್, ಇವತ್ತು ಫೆಬ್ರವರಿ ಅಲ್ಲವಾ? ಇಲ್ಲಿ ಮಾರ್ಚ್ ತಿಂಗಳದ್ದು ಆಗಿ ಹೋಗಿದೆ. ಮಕ್ಕಳು ಕೊಡೆ ಹಿಡಿದಿದ್ದಾರೆ. ಮತ್ತೆ ಈ ಹುಡುಗಿಯ ಗಲ್ಲದ ಪಟ್ಟಿ ಜೂನ್‌ನಿಂದ ಹಾಗೆಯೇ ಉಂಟು.”

ಇಡೀ ವರ್ಷವನ್ನು ಒಂದೇ ದಿನದಲ್ಲಿ ಮಾಡಿ ಮುಗಿಸಿದ ಮೇಲೆ ಯಾವ ತಿಂಗಳು ಬಂದಿದೆ, ಯಾವುದು ಬಂದಿಲ್ಲ ಎಂಬ ಲೆಕ್ಕ ಯಾರಿಗೆ ಬೇಕು? ಹೆಡ್ಮಾಷ್ಟ್ರು ಏಳನ್ನೂ ಅಂಟಿಸಿ ಕಳಿಸಿದ್ದರು.

ಹುಡುಗಿ ನನ್ನನ್ನು ನೋಡಿದಳು. ಅಚ್ಚಿನ ತಪ್ಪು, ಹೋದ ವರ್ಷದ ಫೋಟೋ ಎಂದು ಏನಾದರೂ ಒಂದು ಹೇಳಬಹುದಿತ್ತು. ಮೇಡಂ ಒಪ್ಪಿಕೊಳ್ಳುತ್ತಿದ್ದರು ಎಂದೇ ನನಗೆ ಈಗಲೂ ಅನಿಸುತ್ತದೆ. ನವಿಲುಗಳನ್ನೆಲ್ಲ ಒಪ್ಪಿಕೊಂಡವರು.

“ಅದು ಎಲ್ಲ ಜೂನ್‌ನಲ್ಲಿ ಒಂದೇ ದಿನ ತೆಗೆದದ್ದು ಮೇಡಂ” ಎಂದೆ. “ಅವಳ ಪುಸ್ತಕದಲ್ಲಿರುವ ಹೈಕ್ ಒಂದೇ ನಿಜ. ಬ್ಯಾನರ್ ಹಿಡಿದದ್ದು ನಾನು.”

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಲ್ಬಮ್ ಮುಚ್ಚಿ ನನ್ನ ಕಡೆ ಸರಿಸಿದರು. “ಉಳಿದದ್ದು ಮಾಡಿಸಿ, ಮುಂದಿನ ಸಲ ಕರ್ಕೊಂಡು ಬನ್ನಿ” ಎಂದರು. ಹುಡುಗಿಯ ಹೆಸರಿನ ಎದುರು ಅಡ್ಡಗೆರೆ. ಅವತ್ತು ನವಿಲಿನವರೆಲ್ಲ ಪಾಸಾದರು.

ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕುಳಿತುಕೊಳ್ಳಲಿಲ್ಲ. ಎರಡು ಸೀಟು ಮುಂದೆ ಕುಳಿತು ವೇಣೂರು ದಾಟುವವರೆಗೂ ಸ್ಕಾರ್ಫಿನಲ್ಲಿ ಮುಖ ಒರೆಸುತ್ತಿದ್ದಳು. ನಿಜ ಹೇಳಿದೆ ಎಂಬ ಸಮಾಧಾನ ನನಗೆ ಆಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ನನ್ನ ನಿಜಕ್ಕೆ ಬೆಲೆ ತೆತ್ತವಳು ಅವಳು. ಗುರುವಾಯನಕೆರೆಯಲ್ಲಿ ಇಳಿದು ಮಡಂತ್ಯಾರಿನ ಬಸ್ಸಿಗೆ ಕಾಯುವಾಗ ಮೊದಲ ಮಾತು ಹೇಳಿದಳು.

“ನೀವು ಅದನ್ನು ಜೂನ್‌ನಲ್ಲೇ ಹೇಳಬಹುದಿತ್ತು ಟೀಚರ್.”

ಅಷ್ಟರಲ್ಲಿ ಬಸ್ಸು ಬಂತು. ಅವಳು ಮುಂದಿನ ಬಾಗಿಲಿನಿಂದ ಹತ್ತಿದಳು, ನಾನು ಹಿಂದಿನದ್ದರಿಂದ.

ಈ ಜೂನ್‌ನಲ್ಲಿ ಬಂಟ್ವಾಳದಲ್ಲಿ ಪುನಃ ಮೀಟಿಂಗ್ ಆಯಿತು. ಪುನಃ ಅದೇ ಫಾರ್ಮ್, ಬಿಳಿ ಶಾಯಿಯ ಮೇಲೆ ಇನ್ನೊಂದು ಪದರ. ನಾನು ಬ್ಯಾಗಿನಿಂದ ಚೀಟಿ ತೆಗೆದು ಎದ್ದು ನಿಂತು ಓದಿದೆ. ಓದಿ ಮುಗಿಸುವಾಗ ಅರ್ಧ ಜನ ಕೈ ತೊಳೆಯಲು ಹೋಗಿದ್ದರು. ಬರುವಾಗ ಹೆಡ್ಮಾಷ್ಟ್ರು ಕಾರಿನ ರೇಡಿಯೋ ಜೋರು ಮಾಡಿದರು. ಬೆನ್ನಿಗೆ ಒಂದು ಮೆಮೊ ಕೊಟ್ಟರು, ಅನುಮತಿ ಇಲ್ಲದೆ ಹೈಕ್ ಮಾಡಿದ್ದಕ್ಕೆ. ಅಂದರೆ ಆ ಹೈಕ್ ನಡೆದದ್ದಕ್ಕೆ ಶಾಲೆಯಲ್ಲಿ ದಾಖಲೆ ಎಂದು ಇರುವುದು ಆ ಮೆಮೊ ಒಂದೇ.

ಶನಿವಾರ ಮಧ್ಯಾಹ್ನ ಗೈಡ್ಸ್‌ಗೆ ಅವಳು ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಈಗ ಹತ್ತನೇ ಕ್ಲಾಸು. ಬಂದಳು. ನನ್ನ ಮುಖ ನೋಡದೆ ಮೇಜಿನ ಮೇಲೆ ನಾನು ತುಂಬಿಸಿಟ್ಟಿದ್ದ ಈ ವರ್ಷದ ಫಾರ್ಮ್ ಎಳೆದುಕೊಂಡು ಓದಿದಳು. ಪೆನ್ಸಿಲ್ ತೆಗೆದು, ಹೈಕ್ ಎಂಬಲ್ಲಿ ‘ಅದೇ ದಾರಿ, ಬಲಗಡೆಯ ಕವಲು’ ಎಂದು ಬರೆದಳು. ಫೋಟೋ ಕಾಲಂ ಉದ್ದಕ್ಕೂ ಒಂದು ಗೆರೆ ಎಳೆದಳು.

“ಅಮ್ಮ ಹೇಗಿದ್ದಾರೆ?” ಎಂದು ಕೇಳಿದೆ.

“ಇದ್ದಾರೆ. ಆ ಮೊಳೆಯಲ್ಲಿ ಈಗ ಕೊಡೆ ತೂಗಿಸಿದ್ದಾರೆ. ಬೇಕಾದಾಗ ತೆಗೀಬಹುದು ಅಂತ ಹೇಳಿದ್ದಾರೆ.” ಸ್ವಲ್ಪ ತಡೆದು ಕೇಳಿದಳು, “ಟೀಚರ್, ಹಲಸಿನ ಗಿಡ ತಂದಿದ್ದೀರಾ? ಈ ಸಲ ನೆಟ್ಟ ಮೇಲೆ ಕೀಳ್ಲಿಕ್ಕಿಲ್ಲವಲ್ಲ?”